ಕನ್ನಡಿಯ ಹಿಂದಿನ ಗಂಟು

ಗುಂಡಿಗೆ ತೂತಿರುತ್ತದೆ, ಸೂಜಿ ಹಾಯುತ್ತದೆ. ಕವಡೆಯ ಬೆನ್ನು ಒಡೆದು ತೆಗೆದರೆ ಅಲ್ಲೂ ದಾರಕ್ಕೆ ದಾರಿ ಸಿಗುತ್ತದೆ. ಕನ್ನಡಿ ಬಿಲ್ಲೆಗೆ ಮಾತ್ರ ತೂತಿಲ್ಲ. ಕೊರೆಯಹೋದರೆ ಸೀಳುತ್ತದೆ, ಅಂಟಿಸಿದರೆ ನಾಲ್ಕು ದಿನಕ್ಕೆ ಉದುರುತ್ತದೆ. ಆದರೂ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಅಜ್ಜಿಯಂದಿರ ಟ್ರಂಕಿನಿಂದ ಹೊರಬರುವ ಹಳೆಯ ರವಿಕೆಗಳನ್ನು ನೋಡಿ. ಬಟ್ಟೆ ಸವೆದು ಜಾಳಾಗಿರುತ್ತದೆ, ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಕನ್ನಡಿ ಮಾತ್ರ ಕೂರಿಸಿದ ಜಾಗ ಬಿಟ್ಟು ಕದಲಿರುವುದಿಲ್ಲ.

ಅದನ್ನು ಕೂರಿಸುವ ಬಗೆ ಹೀಗೆ. ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾರೆ. ಸೂಜಿ ಬಿಲ್ಲೆಯ ಅಂಚಿಗೆ ತಾಗಿದಂತೆ ಅಡಿಯಿಂದ ಮೇಲೆ ಬರುತ್ತದೆ, ಕನ್ನಡಿಯ ಮೇಲೆ ಅಡ್ಡ ಹಾಯ್ದು ಆಚೆ ಅಂಚಿನಲ್ಲಿ ಕೆಳಗಿಳಿಯುತ್ತದೆ. ಅದರ ಪಕ್ಕಕ್ಕೆ, ಸ್ವಲ್ಪ ಜಾಗ ಬಿಟ್ಟು, ಅದೇ ಥರ ಇನ್ನೊಂದು ಎಳೆ. ಆಮೇಲೆ ಉದ್ದಕ್ಕೆ ಎರಡು ಎಳೆ. ಇವು ಅಡ್ಡ ಎಳೆಗಳನ್ನು ದಾಟುವ ಕಡೆಯಲ್ಲೆಲ್ಲ ಒಂದೊಂದು ಸುತ್ತು ಹಾಕಿಕೊಂಡೇ ಮುಂದೆ ಹೋಗಬೇಕು. ಈಗ ಕನ್ನಡಿಯ ಮೇಲೆ ನಾಲ್ಕು ಎಳೆಗಳ ಒಂದು ಪುಟ್ಟ ಚೌಕಟ್ಟು ನಿಂತಿದೆ. ಎಳೆ ಸಡಿಲವಾಗಿದ್ದರೆ ಬಿಲ್ಲೆ ಜಾರಿ ಹೊರಬರುತ್ತದೆ. ತೀರ ಬಿಗಿದಿದ್ದರೆ ಮುಂದಿನ ಕೆಲಸಕ್ಕೆ ದಾರ ಬಗ್ಗುವುದಿಲ್ಲ. ಎಷ್ಟು ಬಿಗಿ ಎಂಬುದನ್ನು ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ, ಬೆರಳಿಗೇ ಗೊತ್ತಾಗಬೇಕು.

ಆಮೇಲೆ ಸೂಜಿ ಈ ಚೌಕಟ್ಟಿನೊಳಕ್ಕೆ ನುಸುಳಿ ಎಳೆಯನ್ನು ಅಂಚಿನ ಕಡೆಗೆ ಜಗ್ಗುತ್ತದೆ. ಅಲ್ಲಿ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ ಹಾಕಿ, ದಾರವನ್ನು ಸೂಜಿಯ ಕೆಳಗೆ ತಡೆದು ಎಳೆದರೆ ಸರಪಳಿಯ ಒಂದು ಕೊಂಡಿ ಬೀಳುತ್ತದೆ. ಮತ್ತೆ ಎಳೆಗೆ, ಮತ್ತೆ ಬಟ್ಟೆಗೆ. ಸೂಜಿ ಸುತ್ತು ಬರುತ್ತಿದ್ದಂತೆ ನಾಲ್ಕು ಎಳೆಗಳೂ ಹೊರಕ್ಕೆ ಬಾಗಿ, ಚೌಕಟ್ಟು ನೋಡನೋಡುತ್ತ ದುಂಡಗಾಗುತ್ತದೆ. ಸುತ್ತು ಮುಗಿದಾಗ ಮೊದಲಿನ ಎಳೆಗಳು ಕಣ್ಣಿಗೇ ಬೀಳುವುದಿಲ್ಲ. ಕನ್ನಡಿಯ ಚೂಪು ಅಂಚನ್ನು ಮುಚ್ಚಿಕೊಂಡು ದಾರದ ಬಳೆಯೊಂದು ಕೂತಿರುತ್ತದೆ. ಕೈಗೆ ಸಿಗದ್ದಕ್ಕೆ ನಾವು ‘ಕನ್ನಡಿಯೊಳಗಿನ ಗಂಟು’ ಅನ್ನುತ್ತೇವೆ. ಇಲ್ಲಿ ಗಂಟು ಕನ್ನಡಿಯ ಹಿಂದೆ, ಬಟ್ಟೆಯ ಒಳಮೈಯಲ್ಲಿದೆ, ಬೆರಳಾಡಿಸಿದರೆ ಸಿಗುತ್ತದೆ.

ಇಂಥ ಹತ್ತಾರು ಕನ್ನಡಿಗಳು, ಅವುಗಳ ನಡುವಿನ ತ್ರಿಕೋನ, ಚೌಕ, ಅಡ್ಡಗೆರೆಗಳೆಲ್ಲ ಸೇರಿ ಲಂಬಾಣಿ ಹೆಂಗಸಿನ ಉಡುಪು. ಅದರಲ್ಲಿ ಮೂರು ಭಾಗ. ಸೊಂಟದಿಂದ ಕಣಕಾಲಿನವರೆಗೆ ನೆರಿಗೆ ನೆರಿಗೆಯಾಗಿ ಇಳಿಯುವ ಲಂಗ ಫೇಟಿಯಾ. ಎದೆ ಮತ್ತು ತೋಳು ಮುಚ್ಚಿ, ಬೆನ್ನನ್ನು ತೆರೆದಿಟ್ಟು, ಹಿಂದೆ ಲಾಡಿಯಿಂದ ಕಟ್ಟುವ ರವಿಕೆ ಕಾಂಚಳಿ. ತಲೆಯ ಮೇಲಿಂದ ಬೆನ್ನಿಗೆ ಇಳಿಬೀಳುವ ಮೇಲುಹೊದಿಕೆ ಛಾಂಟಿಯಾ. ಹಣೆಯ ಮೇಲೆ ಬರುವ ಇದರ ಅಂಚಿಗೆ ಒತ್ತೊತ್ತಾಗಿ ಕಸೂತಿ ಮಾಡಿದ ಪಟ್ಟಿಯೊಂದನ್ನು ಕೂಡಿಸಿರುತ್ತಾರೆ, ಅದು ಘುಂಗ್ಟೋ.

ತಮ್ಮನ್ನು ತಾವು ‘ಗೋರ್’ ಎಂದು ಕರೆದುಕೊಳ್ಳುವ ಈ ಜನರ ಮಾತು ಗೋರ್ ಬೋಲಿ. ಅದಕ್ಕೆ ತನ್ನದೇ ಲಿಪಿಯಿಲ್ಲ. ಹಿಂದೆ ಎತ್ತುಗಳ ಹಿಂಡಿನ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ಊರಿಂದೂರಿಗೆ ಸಾಗಿಸುವುದು ಇವರ ಕಸುಬಾಗಿತ್ತು. 17ನೇ ಶತಮಾನದಲ್ಲಿ ಬಂದಿದ್ದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಈ ಹಿಂಡುಗಳನ್ನು ಕಂಡು ಬರೆದಿದ್ದಾನೆ. 1791-92ರ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ದಂಡಿಗೆ ಧಾನ್ಯ ಒದಗಿಸಿದವರಲ್ಲೂ ಇವರಿದ್ದರು. ರಸ್ತೆ, ರೈಲು ಬಂದ ಮೇಲೆ ಆ ಕಸುಬು ನಿಂತಿತು, ತಾಂಡಾಗಳು ಒಂದೆಡೆ ನೆಲೆಯೂರಿದವು. ಅಲೆದಾಟದ ಗುರುತು ಉಡುಪಿನಲ್ಲಿ ಉಳಿದಿದೆ. ಸಮುದ್ರ ಕಾಣದ ಕೂಡ್ಲಿಗಿ ಸೀಮೆಯ ಬಟ್ಟೆಯ ಮೇಲೆ ಕವಡೆಯ ಸಾಲುಗಳಿವೆ. ಹಳೆಯ ನಾಣ್ಯಗಳು ಅಂಚಿನಲ್ಲಿ ತೂಗಾಡುತ್ತವೆ. ಮನೆ ಮಠ ಇಲ್ಲದೆ ನಡೆಯುವವರಿಗೆ ಪೆಟ್ಟಿಗೆ ಹೊರೆ, ಮೈಮೇಲಿನದು ಹೊರೆಯಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಹೊಲಿಗೆ. ಮೊದಲು ಬೇಕಾದದ್ದು ದಪ್ಪ ನೂಲಿನ ಕೈಮಗ್ಗದ ಬಟ್ಟೆ, ಮಂಜಿಷ್ಠದ ಕೆಂಪು ಇಲ್ಲವೆ ನೀಲಿ. ದಪ್ಪ ನೂಲೇ ಯಾಕೆಂದರೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದಾಗಲಿ ಸೀಮೆಸುಣ್ಣದಿಂದಾಗಲಿ ಏನನ್ನೂ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಹಾಸು ಹೊಕ್ಕುಗಳೇ ಚೌಕಳಿ ಕಾಗದ. ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ ಎಂದು ಎಣಿಸುತ್ತ ಹೋದರೆ ಆಕಾರ ತಾನಾಗಿ ಮೂಡುತ್ತದೆ. ಧಾರವಾಡದ ಕಡೆಯ ಕಸೂತಿಯೂ ಎಳೆ ಎಣಿಸುವ ವಿದ್ಯೆಯೇ. ಆದರೆ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಯಲ್ಲೇ ಅದು ಗೋಪುರ, ತೇರು, ಆನೆಗಳನ್ನು ಬರೆಯುತ್ತದೆ. ಲಂಬಾಣಿ ಸೂಜಿ ಪ್ರಾಣಿಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅದರದು ಗೆರೆ, ಮೂಲೆ, ಚೌಕಗಳ ಲೋಕ.

ಕೂಡ್ಲಿಗಿಯ ಮಗ್ಗುಲಲ್ಲೇ ಇರುವ ಸಂಡೂರಿನ ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌಡಿ, ರೇಲೋ, ಗಾದ್ರಿ, ಭೂರಿಯಾ, ಪೋಟೆ, ಜೋಲ್ಯಾ, ನಕ್ರಾ. ತೇರಾ ದೋರಾ ಎಂದರೆ ಹದಿಮೂರು ದಾರ. ಭೂರಿಯಾ ಮೂಗಿನ ಒಡವೆಯ ಹೆಸರೂ ಹೌದು. ಮುಖದ ಮೇಲಿನದು ಬಟ್ಟೆಗೂ ಬಂದಿದೆ. ಇಷ್ಟೂ ಗೋರ್ ಬೋಲಿಯ ಹೆಸರುಗಳ ನಡುವೆ ನಮ್ಮ ಸೂರ್ಯಕಾಂತಿ ಬಂದು ಕೂತಿದೆ. ಹೊಲದಲ್ಲಿ ದಿನಾ ಕಾಣುವ ಹೂವನ್ನು ಸೂಜಿ ಬಿಟ್ಟೀತೇ?

ಎಳೆ ಎಣಿಸುವುದೆಂದರೆ ಏನು ಎಂಬುದು ಪಕ್ಕದಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ತಾಂಡಾದ ಕಟ್ಟೆಯ ಮೇಲೆ ಅಜ್ಜಿ, ಎದುರಿಗೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಹುಡುಗಿ ಒಂದು ಓರೆಗೆರೆ ಮುಗಿಸಿ ಬಟ್ಟೆಯನ್ನು ಚಾಚಿದಳು. ಅಜ್ಜಿ ಕಣ್ಣಿನಿಂದ ನೋಡಲಿಲ್ಲ, ಉಗುರು ಆಡಿಸಿದರು. ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದರು:

“ಎಷ್ಟು ಎಳಿ ಬಿಟ್ಟಿ?”

“ಮೂರು, ದಾದಿ.”

“ಎಣಿಸು.”

ಹುಡುಗಿ ಸೂಜಿಯ ಮೊನೆಯಿಂದ ಎಣಿಸಿದಳು. ನಾಲ್ಕಿತ್ತು.

“ಬಿಚ್ಚವ್ವ. ಇಲ್ಲಿ ಒಂದೆಳಿ ತಪ್ಪಿದ್ರೆ ಆ ಮೂಲಿ ಮುಟ್ಟೋದ್ರಾಗ ಎಲ್ಲಾ ಸೊಟ್ಟ ಆಗ್ತೈತೆ.”

ಹುಡುಗಿ ಗೊಣಗದೆ ಬಿಚ್ಚಿದಳು. ಬಿಚ್ಚಿದ ದಾರವನ್ನು ಎಸೆಯಲಿಲ್ಲ; ಬೆರಳಿಗೆ ಸುತ್ತಿಕೊಂಡಳು.

ಅಜ್ಜಿಯ ಮಾತು ಲೆಕ್ಕದ ಮಾತೇ. ಓರೆಗೆರೆಯೊಂದು ಮೂರು ಎಳೆಗೊಂದು ಮೆಟ್ಟಿಲಿನಂತೆ ಏರಬೇಕಾದಲ್ಲಿ ಒಂದು ಎಳೆ ಜಾಸ್ತಿಯಾದರೆ, ಎದುರಿನಿಂದ ಬರುವ ಗೆರೆಯನ್ನು ಅದು ಸರಿಯಾದ ತುದಿಯಲ್ಲಿ ಕೂಡುವುದಿಲ್ಲ. ತ್ರಿಕೋನದ ನೆತ್ತಿ ಪಕ್ಕಕ್ಕೆ ಸರಿಯುತ್ತದೆ. ಅದರ ಪಕ್ಕದ ತ್ರಿಕೋನ, ಅದರಾಚೆಯ ಕನ್ನಡಿ, ಎಲ್ಲವೂ ಸರಿಯುತ್ತ ಹೋಗುತ್ತವೆ. ಹೀಗೆ ಒಂದು ಕಾಂಚಳಿಯ ಎದೆಯ ತುಂಡು, ಎರಡು ತೋಳಿನ ತುಂಡುಗಳನ್ನು ಬೇರೆ ಬೇರೆಯಾಗಿ ಕಸೂತಿ ಮಾಡಿ, ಕೊನೆಗೆ ಕೂಡಿಸುತ್ತಾರೆ. ಕೂಲಿ, ಅಡುಗೆ, ನೀರು, ದನಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಈ ಕೆಲಸ. ಉಡುಪೊಂದು ಪೂರ್ತಿಯಾಗಲು ತಿಂಗಳುಗಟ್ಟಲೆ ಹಿಡಿಯುವುದು ಹೀಗಾಗಿ.

ಎಲ್ಲರೂ ಅವೇ ಹೊಲಿಗೆ, ಅವೇ ಬಣ್ಣ ಬಳಸಿದರೂ ಎರಡು ಕಾಂಚಳಿ ಒಂದೇ ಥರ ಇರುವುದಿಲ್ಲ. ಒಬ್ಬಳು ಕನ್ನಡಿಯನ್ನು ಒತ್ತೊತ್ತಾಗಿ ಇಡುತ್ತಾಳೆ, ಇನ್ನೊಬ್ಬಳು ನಡುವೆ ಉಸಿರಾಡಲು ಜಾಗ ಬಿಡುತ್ತಾಳೆ. ಒಬ್ಬಳಿಗೆ ಹಳದಿಯ ಪಕ್ಕ ಹಸಿರೇ ಬೇಕು, ಇನ್ನೊಬ್ಬಳು ಬಿಳಿ ದಾರ ಮುಟ್ಟದೆ ಕೆಲಸ ಮುಗಿಸುವುದಿಲ್ಲ. ಹೊರಗಿನವರಾದ ನಮಗೆ ಎಲ್ಲವೂ ಒಂದೇ ಥಳಕಿನಂತೆ ಕಾಣುತ್ತದೆ. ತಾಂಡಾದ ಹೆಂಗಸರಿಗೆ ಹಾಗಲ್ಲ. ನೆರೆಯವಳ ಕೈಬರಹ ಗುರುತಿಸಿದ ಹಾಗೆ ಅವಳ ಹೊಲಿಗೆಯನ್ನೂ ಗುರುತಿಸುತ್ತಾರೆ.

ಮಾಘ ಮಾಸ ಬಂತೆಂದರೆ ಈ ಸೀಮೆಗೆ ಹಬ್ಬದ ಕಾಲ. ಭಾರತ ಹುಣ್ಣಿಮೆಯ ಹಿಂದುಮುಂದೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರ್ಣಿಕ, ಆಮೇಲೆ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು, ಫಾಲ್ಗುಣದ ಹುಣ್ಣಿಮೆಗೆ ಹೋಳಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಹೋದವರು ದೀಪಾವಳಿಗೆ ಬರಲಾಗದಿದ್ದರೂ ಹೋಳಿಗೆ ಬಸ್ಸು ಹತ್ತುತ್ತಾರೆ. ಟ್ರಂಕುಗಳು ತೆರೆಯುವುದು ಆಗಲೇ.

ಉಡುವುದಕ್ಕೂ ಒಂದು ಕ್ರಮವಿದೆ, ಅದನ್ನು ಒಬ್ಬಳೇ ಮಾಡಿಕೊಳ್ಳಲು ಆಗುವುದಿಲ್ಲ. ಫೇಟಿಯಾದ ನೆರಿಗೆ ಹಿಡಿದು ಸೊಂಟಕ್ಕೆ ಬಿಗಿದ ಮೇಲೆ ಕಾಂಚಳಿ; ಅದರ ಲಾಡಿ ಬೆನ್ನ ಮೇಲಿರುವುದರಿಂದ ಗಂಟು ಹಾಕಲು ಇನ್ನೊಬ್ಬಳ ಕೈ ಬೇಕು. ಮದುವೆಯಾದವಳ ಕೂದಲನ್ನು ಕಿವಿಯ ಎರಡೂ ಬದಿ ಹೆಣೆದು ಘುಗರಿ ಎಂಬ ಗೊಂಚಲನ್ನು ಅದಕ್ಕೆ ಕಟ್ಟುತ್ತಾರೆ. ಅದು ಕೆನ್ನೆಯ ಪಕ್ಕ ಇಳಿಬಿದ್ದು, ತಲೆ ಅಲುಗಿದರೆ ಕಿಣಿಗುಟ್ಟುತ್ತದೆ. ತೋಳಿಗೆ ಬಿಳಿ ಬಳೆಗಳ ಸಾಲು, ಬಲಿಯಾ. ಒಂದು ಕಾಲಕ್ಕೆ ಅವು ದಂತದ್ದಾಗಿದ್ದವು, ಈಗ ಪ್ಲಾಸ್ಟಿಕ್ಕಿನವು. ಕಾಲಿಗೆ ದಪ್ಪ ಕಡಗ, ಮೂಗಿಗೆ ಭೂರಿಯಾ. ಎಲ್ಲ ಮುಗಿದ ಮೇಲೆ ಛಾಂಟಿಯಾವನ್ನು ತಲೆಗೆ ಹೊದಿಸಿ, ಘುಂಗ್ಟೋ ಹಣೆಯ ಮೇಲೆ ನೇರ ಬರುವಂತೆ ಎಳೆದು ಕೂರಿಸುತ್ತಾರೆ.

ಅಷ್ಟು ಹೊತ್ತಿಗೆ ಆಕೆಯ ನಿಲುವೇ ಬದಲಾಗಿರುತ್ತದೆ. ಇದರಲ್ಲಿ ಪವಾಡವೇನಿಲ್ಲ, ಉಡುಪಿನ ಭಾರವೇ ಕಾರಣ. ತಲೆ ಬಗ್ಗಿಸಿದರೆ ಛಾಂಟಿಯಾ ಮುಂದಕ್ಕೆ ಜಾರುತ್ತದೆ, ಹಾಗಾಗಿ ಕತ್ತು ನೆಟ್ಟಗೆ. ತೋಳು ತುಂಬ ಬಳೆ ಇರುವುದರಿಂದ ಕೈ ಮೈಗೆ ಒತ್ತಿಕೊಳ್ಳುವುದಿಲ್ಲ, ಕೊಂಚ ಅಗಲಿಸಿಯೇ ಇರುತ್ತದೆ. ಫೇಟಿಯಾದ ಘೇರು ಗಿಡ್ಡ ಹೆಜ್ಜೆಗೆ ಕಾಲಿಗೆ ತೊಡರುತ್ತದೆ, ಬೀಸು ಹೆಜ್ಜೆಗೆ ಅರಳುತ್ತದೆ. ಮೆಲ್ಲಗೆ, ಸಂಕೋಚದಿಂದ ನಡೆಯಲು ಈ ಉಡುಪು ಬಿಡುವುದೇ ಇಲ್ಲ. ಕೂಲಿಯ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದವಳೇ ಈಕೆ ಎಂದರೆ ನಂಬುವುದು ಕಷ್ಟ.

ಹೋಳಿಯ ದಿನಗಳಲ್ಲಿ ತಾಂಡಾದಲ್ಲಿ ಲೇಂಗಿ ಹಾಡುಗಳು. ಆ ವರ್ಷ ಗಂಡುಮಗು ಹುಟ್ಟಿದ ಮನೆಗಳಲ್ಲಿ ಧೂಂಡ್ ಎಂಬ ಶಾಸ್ತ್ರ ನಡೆಯುತ್ತದೆ. ಹೆಂಗಸರು ಗುಂಪು ಕಟ್ಟಿಕೊಂಡು ಹಬ್ಬದ ಹಣ ಕೇಳಲು ಪೇಟೆಗೂ ಬರುತ್ತಾರೆ. ಅಂಗಡಿಯ ಮುಂದೆ ದುಂಡಗೆ ನಿಂತು, ಸೊಂಟ ಬಾಗಿಸಿ ಚಪ್ಪಾಳೆ ತಟ್ಟಿ, ಎದ್ದು ಒಂದು ಹೆಜ್ಜೆ ಸರಿದು, ಮತ್ತೆ ಬಾಗುತ್ತಾರೆ. ಕನ್ನಡಿಗಳು ಎಷ್ಟು ಲೆಕ್ಕಾಚಾರದಿಂದ ಕೂತಿವೆ ಎಂದು ಗೊತ್ತಾಗುವುದು ಆ ಬಾಗಿನಲ್ಲಿ. ಎದೆಯ ಮೇಲಿನವು, ತೋಳಿನವು, ಹಣೆಯ ಮೇಲಿನವು ಬೇರೆ ಬೇರೆ ಕೋನದಲ್ಲಿರುವುದರಿಂದ ಒಂದಾದ ಮೇಲೊಂದು ಬಿಸಿಲು ಹಿಡಿಯುತ್ತವೆ. ಬೆಳಕಿನ ಚುಕ್ಕೆಗಳು ಎದುರಿನ ಷಟರ್ ಮೇಲೆ, ಕಿರಾಣಿಯವನ ಅಂಗಿಯ ಮೇಲೆ, ನೋಡುತ್ತ ನಿಂತವರ ಮುಖದ ಮೇಲೆ ಹರಿದಾಡುತ್ತವೆ. ಹಣ ಕೊಡದೆ ಕಣ್ತಪ್ಪಿಸಿಕೊಳ್ಳುವುದು ಸುಲಭವಲ್ಲ.

ದಿನನಿತ್ಯಕ್ಕೆ ಈಗ ಬಹಳಷ್ಟು ಜನ ಸೀರೆ ಉಡುತ್ತಾರೆ, ಹುಡುಗಿಯರು ಚೂಡಿದಾರ್ ಹಾಕುತ್ತಾರೆ. ಬಿಸಿಲಲ್ಲಿ ಕಳೆ ಕೀಳುವವರಿಗೆ ಅದೇ ಹಗುರ, ತಪ್ಪೆನ್ನುವಂತಿಲ್ಲ. ಹಬ್ಬಕ್ಕೆಂದು ಮಷೀನ್ ಕಸೂತಿಯ ರೆಡಿಮೇಡ್ ಜೋಡಿಗಳೂ ಸಿಗುತ್ತವೆ. ಅವುಗಳ ಕನ್ನಡಿ ಪ್ಲಾಸ್ಟಿಕ್ ಹಾಳೆಯದು. ಫೋಟೋದಲ್ಲಿ ಚೆನ್ನಾಗಿ ಹೊಳೆಯುತ್ತದೆ, ಆದರೆ ಎದುರಿನವನ ಮುಖಕ್ಕೆ ಬಿಸಿಲು ಎಸೆಯುವ ಕಸುವು ಅದಕ್ಕಿಲ್ಲ. ಇನ್ನೊಂದು ಕಡೆ, ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಲ್ಲಿನ ಕುಶಲ ಕಲಾ ಕೇಂದ್ರಕ್ಕಾಗಿ ಹೊಲಿಯುವ ಹೆಂಗಸರು ಕುಶನ್ ಕವರು, ಚೀಲ, ದುಪಟ್ಟಾಗಳಿಗೆ ಅದೇ ಹೊಲಿಗೆ ಹಾಕುತ್ತಾರೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಕಸೂತಿ ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟದ್ದು ಗಿನ್ನೆಸ್ ದಾಖಲೆಗೆ ಸೇರಿತು. ಮಾರುವುದಕ್ಕೆ ಹೊಲಿಯುವಾಗ ಬಣ್ಣ, ಅಳತೆಯನ್ನು ಕೊಳ್ಳುವವರು ಹೇಳುತ್ತಾರೆ. ಹೋಳಿಯ ಕಾಂಚಳಿಗೆ ಅದನ್ನು ಹೇಳುವವಳು ಉಡುವವಳೇ.

ಹಬ್ಬ ಮುಗಿದ ಮರುದಿನ ಉಡುಪುಗಳನ್ನು ಒಳಮೈ ಹೊರಗಾಗಿಸಿ ನೆರಳಲ್ಲಿ ಹರವುತ್ತಾರೆ. ಬಣ್ಣದ ಪುಡಿಯನ್ನು ಕೊಡವುತ್ತಾರೆ. ಕೈಯಾಡಿಸುತ್ತ ಹೋದರೆ ಎಲ್ಲೋ ಒಂದು ಕನ್ನಡಿ ಕುಣಿತದ ರಭಸಕ್ಕೆ ಒಡೆದು ಚೂರಾಗಿರುತ್ತದೆ. ಚೂರುಗಳನ್ನು ಹುಷಾರಾಗಿ ಉದುರಿಸಿದ ಮೇಲೂ ದಾರದ ಬಳೆ ಹಾಗೇ ನಿಂತಿರುತ್ತದೆ, ನಡುವೆ ಬಟ್ಟೆ ಬತ್ತಲೆ. ಆ ಬಳೆಯೊಳಕ್ಕೆ ಹೊಸ ಬಿಲ್ಲೆ ತೂರಿಸಲು ಬರುವುದಿಲ್ಲ. ಅಜ್ಜಿ ಕತ್ತರಿಯ ತುದಿಯಿಂದ ಬಳೆಯನ್ನು ಕತ್ತರಿಸಿ ತೆಗೆದು, ಬಟ್ಟೆಯನ್ನು ಮೊಮ್ಮಗಳ ಮಡಿಲಿಗೆ ಹಾಕಿದರು. ಹುಡುಗಿ ಡಬ್ಬಿಯಿಂದ ಒಂದು ಬಿಲ್ಲೆ ಆರಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮೊದಲ ಅಡ್ಡ ಎಳೆ ಹಾಕಿದಳು.