ಎಡಗಾಲಿಗೆ ಗೊತ್ತಿರುವ ಕೆಲಸವೇ ಬೇರೆ

ಸಿರುಗುಪ್ಪ ಕಡೆಯ ನೀರಾವರಿ ಊರುಗಳಲ್ಲಿ ಸ್ವಲ್ಪ ಅನುಕೂಲಸ್ಥರ ಮನೆ ಮುಂದೆ ನಿಂತ ಗಾಡಿಗಳನ್ನು ಒಮ್ಮೆ ನೋಡಿ. ಒಂದು ಟ್ರ್ಯಾಕ್ಟರ್, ಅಪ್ಪನ ಕಾಲದ ಒಂದು ಬುಲೆಟ್, ಹಳೆಯದೊಂದು ಗೇರಿನ ಕಾರು, ಈಚೆಗೆ ಮಗ ಬಳ್ಳಾರಿಯಿಂದ ತಂದ ಆಟೋಮ್ಯಾಟಿಕ್ ಕಾರು. ನಾಲ್ಕನ್ನೂ ಎಷ್ಟೋ ಮನೆಗಳಲ್ಲಿ ಒಬ್ಬನೇ ಓಡಿಸುತ್ತಾನೆ. ಬೆಳಿಗ್ಗೆ ಗದ್ದೆಗೆ ಟ್ರ್ಯಾಕ್ಟರ್, ಮಧ್ಯಾಹ್ನ ತೆಕ್ಕಲಕೋಟೆಗೆ ಬುಲೆಟ್, ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬಳ್ಳಾರಿಗೆ ಕಾರು. ಕೈಗೆ ಇದರಲ್ಲಿ ಅಂಥ ಗೊಂದಲವೇನಿಲ್ಲ. ಪಾಡು ಪಡುವುದು ಕಾಲು. ನಾಲ್ಕು ಗಾಡಿಗಳಲ್ಲಿ ಬ್ರೇಕ್ ಇರುವ ಜಾಗ ಒಂದೇ ಅಲ್ಲ, ಅದನ್ನು ತುಳಿಯುವ ಕಾಲೂ ಒಂದೇ ಅಲ್ಲ, ಎಷ್ಟು ತುಳಿಯಬೇಕು ಅನ್ನುವ ಅಂದಾಜಂತೂ ಒಂದೊಂದಕ್ಕೂ ಬೇರೆ.

ಆಟೋಮ್ಯಾಟಿಕ್ ಕಾರು ಕೊಂಡವರ ತಲೆಯಲ್ಲಿ ಮೊದಲ ವಾರವೇ ಒಂದು ಪ್ರಶ್ನೆ ಏಳುತ್ತದೆ. ಕ್ಲಚ್ ಇಲ್ಲ, ಎಡಗಾಲು ಸುಮ್ಮನೆ ಕೂತಿದೆ. ಬ್ರೇಕನ್ನು ಅದಕ್ಕೇ ವಹಿಸಿದರೆ ಏನು ಕಷ್ಟ? ಕಲಿಸುವವರ ಉತ್ತರ ಒಂದೇ ಮಾತಿನದು: "ಎಡಗಾಲು ಹಿಂದಕ್ಕೆ ಮಡಚಿಟ್ಕೊಳ್ರಿ ಸರ, ಅದನ್ನ ಮರ್ತೇ ಬಿಡ್ರಿ." ಉತ್ತರ ಸರಿಯಾಗಿಯೇ ಇದೆ. ಕಾರಣವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಗೇರಿನ ಕಾರಿನಲ್ಲಿ ಬಲಗಾಲಿಗೆ ಬ್ರೇಕ್ ಕೊಟ್ಟದ್ದು ಅದು ಜಾಣ ಎಂದಲ್ಲ. ಪೆಡಲ್ ಮೂರು, ಕಾಲು ಎರಡು. ಕ್ಲಚ್ಚಿಗೆ ಎಡಗಾಲು ಮೀಸಲಾದ ಮೇಲೆ ಉಳಿದ ಎರಡನ್ನೂ ಬಲಗಾಲೇ ನೋಡಿಕೊಳ್ಳಬೇಕು. ಆಕ್ಸಿಲರೇಟರ್ ಮತ್ತು ಬ್ರೇಕ್ ಒಟ್ಟಿಗೆ ಬೇಕಾಗುವ ಸಂದರ್ಭ ರಸ್ತೆಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ಈ ಏರ್ಪಾಡಿನಲ್ಲಿ ಒಂದು ಭದ್ರತೆಯೂ ತಾನಾಗಿ ಒದಗಿತು: ಬ್ರೇಕ್ ತುಳಿಯಬೇಕಾದರೆ ಆಕ್ಸಿಲರೇಟರ್ ಬಿಡಲೇಬೇಕು. ಸ್ಟೀರಿಂಗ್ ಬಲಕ್ಕಿರುವ ನಮ್ಮ ದೇಶದಲ್ಲಾಗಲಿ, ಎಡಕ್ಕಿರುವ ಅಮೆರಿಕದಲ್ಲಾಗಲಿ ಪೆಡಲುಗಳ ಸಾಲು ಒಂದೇ: ಕ್ಲಚ್, ಬ್ರೇಕ್, ಆಕ್ಸಿಲರೇಟರ್. ಆದರೆ ಕಾರು ಹುಟ್ಟಿದಾಗಿನಿಂದ ಹೀಗಿರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಡ ಪೆಡಲ್ ಗೇರಿಗೆ, ನಡುವಿನದು ರಿವರ್ಸಿಗೆ, ಬಲ ತುದಿಯದೇ ಬ್ರೇಕಿಗೆ. ಆಕ್ಸಿಲರೇಟರ್ ಕೆಲಸ ಸ್ಟೀರಿಂಗ್ ಕೆಳಗಿನ ಒಂದು ಕಡ್ಡಿಯದು. ಇವತ್ತಿನ ಡ್ರೈವರನ್ನು ಅದರಲ್ಲಿ ಕೂರಿಸಿದರೆ ವೇಗ ಹೆಚ್ಚಿಸಲು ಹೋಗಿ ಗಾಡಿ ನಿಲ್ಲಿಸಿಬಿಡುತ್ತಾನೆ. ಅಷ್ಟರ ಮಟ್ಟಿಗೆ ಅವನ ಪುಣ್ಯ.

ಎಡಗಾಲಿನ ಪರ ವಾದಿಸುವವರ ಲೆಕ್ಕ ಹೀಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 16.7 ಮೀಟರ್ ಹೋಗುತ್ತದೆ. ಆಕ್ಸಿಲರೇಟರಿನಿಂದ ಬಲಗಾಲು ಎತ್ತಿ ಬ್ರೇಕಿನ ಮೇಲಿಡಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು ಎಂದುಕೊಳ್ಳಿ. ಅಷ್ಟರಲ್ಲಿ ಕಾರು 3.3 ಮೀಟರ್ ಮುಂದೆ. ಎಡಗಾಲು ಬ್ರೇಕಿನ ಮೇಲೆ ಸಿದ್ಧವಾಗಿದ್ದರೆ ಆ 3.3 ಮೀಟರ್ ಉಳಿಯಿತು. ಕುರುಗೋಡು ರಸ್ತೆಯಲ್ಲಿ ದಿಢೀರನೆ ಅಡ್ಡ ಬಂದ ಎಮ್ಮೆಗೂ ನಿಮ್ಮ ಬಂಪರಿಗೂ ನಡುವೆ ಮೂರು ಮೀಟರ್ ಅಂದರೆ ಸಣ್ಣ ಅಂತರವಲ್ಲ. ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ರೇಸಿನವರು ಹಾಗೇ ಮಾಡುತ್ತಾರಲ್ಲ ಎಂಬ ಮಾತು ಬೇರೆ. ನಿಜ. ಗೋ-ಕಾರ್ಟ್‌ನಲ್ಲಿ ಎಡಗಾಲಿಗೆ ಬ್ರೇಕ್, ಬಲಗಾಲಿಗೆ ಆಕ್ಸಿಲರೇಟರ್. ಫಾರ್ಮುಲಾ ಒನ್ ಕಾರುಗಳಲ್ಲಿ 1989ರ ಫೆರಾರಿಯಿಂದೀಚೆಗೆ ಗೇರ್ ಬದಲಿಸುವ ಕೆಲಸ ಸ್ಟೀರಿಂಗ್ ಹಿಂದಿನ ಬೆರಳಿಗೆ ಬಂದ ಮೇಲೆ ಎಡಗಾಲು ಕ್ರಮೇಣ ಬ್ರೇಕಿಗೆ ಬಂತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಫಿನ್ಲೆಂಡಿನ ರೌನೊ ಆಲ್ಟೊನೆನ್ ಮತ್ತು ಟಿಮೊ ಮಾಕಿನೆನ್ ಮಿನಿ ಕೂಪರ್ ಎಂಬ ಪುಟ್ಟ ಕಾರಿನಲ್ಲಿ ಹಿಮದ ಮೇಲೆ ಇದನ್ನು ಪಳಗಿಸಿದ್ದರು. ಮುಂದಿನ ಚಕ್ರಗಳೇ ಎಳೆಯುವ ಕಾರು ಜಾರುವ ನೆಲದಲ್ಲಿ ತಿರುಗಲೊಲ್ಲದೆ ನೇರ ನುಗ್ಗುತ್ತದೆ. ಬಲಗಾಲು ಆಕ್ಸಿಲರೇಟರ್ ಮೇಲಿರುವಾಗಲೇ ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಮುಟ್ಟಿದರೆ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲ ಕಚ್ಚುತ್ತದೆ, ಹಗುರಾದ ಹಿಂಭಾಗ ಸರಿದು ಮೂತಿ ತಿರುವಿನೊಳಕ್ಕೆ ಹೊರಳುತ್ತದೆ. ಎಂಜಿನ್ ಎಳೆಯುತ್ತಲೇ ಇರುವುದರಿಂದ ಮುಂದಿನ ಚಕ್ರ ಲಾಕ್ ಆಗುವುದಿಲ್ಲ. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1965ರಲ್ಲಿ ಮಾಕಿನೆನ್, 1967ರಲ್ಲಿ ಆಲ್ಟೊನೆನ್ ಮಿನಿಯಲ್ಲೇ ಗೆದ್ದರು. ಆದರೆ ಇವರಿಗೆ ಎಡಗಾಲನ್ನು ಪಳಗಿಸಲು ವರ್ಷಗಟ್ಟಲೆ ಸಮಯವಿತ್ತು, ಎದುರಿಗೆ ಎಮ್ಮೆ ಇರಲಿಲ್ಲ.

ನಮ್ಮ ಎಡಗಾಲು ಎಲ್ಲಿ ಎಡವುತ್ತದೆ ಎಂದು ತಿಳಿಯಬೇಕಾದರೆ ಕ್ಲಚ್ ತುಳಿಯುವಾಗ ಅದು ಮಾಡುವುದೇನು ಎಂದು ನಿಧಾನವಾಗಿ ಗಮನಿಸಬೇಕು. ಕೆಳಕ್ಕೆ ತುಳಿಯುವಾಗ ನಾಜೂಕು ಏನೂ ಬೇಡ. ಒಂದೇ ಏಟಿಗೆ ತಳ ಮುಟ್ಟಿಸಿದರಾಯಿತು. ನಾಜೂಕೆಲ್ಲ ಬಿಡುವಾಗ. ಪ್ಲೇಟು ಕಚ್ಚಿಕೊಳ್ಳುವ ಆ ಒಂದು ಜಾಗದಲ್ಲಿ ಕಾಲು ಕೂದಲೆಳೆಯಷ್ಟೇ ಮೇಲೇರಬೇಕು. ಅಂದರೆ ವರ್ಷಾನುಗಟ್ಟಲೆ ಗೇರಿನ ಗಾಡಿ ಓಡಿಸಿದ ಎಡಗಾಲು ಬಿಡುವ ಕಲೆಯಲ್ಲಿ ನಿಪುಣ, ಒತ್ತುವ ವಿಷಯದಲ್ಲಿ ಒರಟ. ಬ್ರೇಕ್ ಕೇಳುವುದು ಸರಿಯಾಗಿ ತದ್ವಿರುದ್ಧ: ಅದರ ನಾಜೂಕು ಇರುವುದು ಒತ್ತುವುದರಲ್ಲಿ. ಎಡಗಾಲಿಗೆ ಕೌಶಲ ಇಲ್ಲವೆಂದಲ್ಲ, ಇರುವ ಕೌಶಲ ತಿರುಗಾಮುರುಗಾ ದಿಕ್ಕಿನದು.

ನಂಬಿಕೆ ಬರದಿದ್ದರೆ ಊರಾಚೆಯ ಖಾಲಿ ಬಯಲಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಬೆಲ್ಟ್ ಕಟ್ಟಿಕೊಂಡು, ನಡೆದು ಹೋಗುವಷ್ಟು ವೇಗದಲ್ಲಿ ಆಟೋಮ್ಯಾಟಿಕ್ ಕಾರನ್ನು ಎಡಗಾಲಿನಿಂದ ನಿಲ್ಲಿಸಿ ನೋಡಿ. ಮೆಲ್ಲಗೆ ಒತ್ತಬೇಕೆಂದು ಮನಸ್ಸಿನಲ್ಲಿ ಹೇಳಿಕೊಂಡೇ ಒತ್ತಿ. ಆದರೂ ಕಾರು ಗಕ್ಕನೆ ನಿಂತು ಕತ್ತು ಮುಂದಕ್ಕೆ ಬಾಗುತ್ತದೆ. ಇದರಲ್ಲಿ ಬ್ರೇಕ್ ಬೂಸ್ಟರಿನ ಪಾಲೂ ಇದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತವನ್ನು ಒಂದು ಡಬ್ಬಿಯಲ್ಲಿ ಹಿಡಿದಿಟ್ಟು, ಹೊರಗಿನ ಗಾಳಿಯ ಒತ್ತಡವನ್ನೇ ನಿಮ್ಮ ಕಾಲಿನ ಜೊತೆ ಸೇರಿಸುವ ಏರ್ಪಾಡು ಅದು. ಡೀಸೆಲ್ ಕಾರಿನಲ್ಲಿ ನಿರ್ವಾತಕ್ಕೆ ಪ್ರತ್ಯೇಕ ಪಂಪ್ ಇರುತ್ತದೆ. ಎಂಜಿನ್ ಆರಿಸಿ ನಿಂತ ಕಾರಿನಲ್ಲಿ ಬ್ರೇಕನ್ನು ಮೂರ‍್ನಾಲ್ಕು ಸಲ ತುಳಿಯಿರಿ, ಕೂಡಿಟ್ಟ ನಿರ್ವಾತ ಖರ್ಚಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಿ, ಪೆಡಲ್ ತಾನಾಗಿ ಒಂದಿಷ್ಟು ಕೆಳಗೆ ಕುಸಿಯುವುದು ಪಾದಕ್ಕೇ ಗೊತ್ತಾಗುತ್ತದೆ. ಅಷ್ಟು ಸಹಾಯ ಸಿಗುವ ಪೆಡಲನ್ನು ಕ್ಲಚ್ಚಿನ ಗತ್ತಿನಲ್ಲಿ ತುಳಿದರೆ ಏನಾಗಬೇಕೋ ಅದೇ ಆಗುತ್ತದೆ.

ಸುಗ್ಗಿಯ ಕಾಲದಲ್ಲಿ ಈ ಒರಟುತನ ಇನ್ನೂ ದುಬಾರಿ. ನಮ್ಮಲ್ಲಿ ರಸ್ತೆಯೇ ಕಣ. ಅರ್ಧ ಟಾರಿನ ಮೇಲೆ ನೆಲ್ಲು ಹರಡಿರುತ್ತದೆ. ಟೈರಿನಡಿ ಕಾಳು ಉರುಳಿದಾಗ ರಬ್ಬರಿಗೂ ರಸ್ತೆಗೂ ಇರುವ ಹಿಡಿತ ತಪ್ಪುತ್ತದೆ. ಅಲ್ಲಿ ಬ್ರೇಕನ್ನು ಗಕ್ಕನೆ ಒತ್ತುವವನಿಗೂ ಒಂದೇ ಸಮನೆ ಒತ್ತುವವನಿಗೂ ಇರುವ ವ್ಯತ್ಯಾಸ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಹಳೇ ಗಾಡಿಯಲ್ಲಿ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು ತೊಡಕು ಆಯಾಸದ್ದು. ಎಡಗಾಲನ್ನು ಬ್ರೇಕಿನ ಮೇಲೆ ತೇಲಿಸಿ ಹಿಡಿಯಲು ಸೊಂಟದ, ತೊಡೆಯ ಸ್ನಾಯುಗಳು ಬಿಗಿಯಾಗಿರಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಯಾರೂ ಹಾಗೆ ಹಿಡಿಯಲಾರರು. ಕಾಲು ಮೆಲ್ಲಗೆ ಪೆಡಲಿನ ಮೇಲೆ ಒರಗುತ್ತದೆ. ಬ್ರೇಕ್ ಲೈಟು ಉರಿಯುತ್ತಲೇ ಇರುತ್ತದೆ, ಹಿಂದಿನ ಲಾರಿಯವನಿಗೆ ನೀವು ನಿಜವಾಗಿ ಯಾವಾಗ ನಿಲ್ಲಿಸುತ್ತೀರಿ ಎಂಬ ಸೂಚನೆಯೇ ಸಿಗುವುದಿಲ್ಲ. ಪ್ಯಾಡು ಡಿಸ್ಕಿಗೆ ಉಜ್ಜಿಕೊಂಡೇ ಓಡುತ್ತದೆ, ಬಿಸಿ ಏರುತ್ತದೆ. ಹೊಸದಾದಾಗ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ತೇವ ಹೀರಿಕೊಂಡ ಹಳೆಯ ಆಯಿಲಿಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ಮೆತ್ತಗೆ ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಬಳ್ಳಾರಿಯ ಬೇಸಿಗೆ ಬೇರೆ ಇದಕ್ಕೆ ಒತ್ತಾಸೆ.

ಹಾಗೆಂದು ಬಲಗಾಲು ನಿರಪರಾಧಿಯಲ್ಲ. ಆಟೋಮ್ಯಾಟಿಕ್ ಕಾರಿನ ಅತಿ ಭೀಕರ ಅಪಘಾತಗಳಲ್ಲಿ ಕೆಲವು ಬಲಗಾಲಿನವೇ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರು ತಾನಾಗಿ ನುಗ್ಗುತ್ತದೆ ಎಂಬ ದೊಡ್ಡ ಗದ್ದಲವಾಯಿತು. 1989ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯ ತನಿಖೆ ಮುಗಿದಾಗ ಹೊರಬಿದ್ದ ಮುಖ್ಯ ಕಾರಣ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದದ್ದು. ಅದೇ ವರ್ಷ ರಿಚರ್ಡ್ ಷ್ಮಿಟ್ ಎಂಬ ಮನೋವಿಜ್ಞಾನಿ ಇದರ ಒಳಗುಟ್ಟನ್ನು ವಿವರಿಸಿದರು. ಮಿದುಳು ಬ್ರೇಕ್ ತುಳಿಯೆಂದೇ ಆಜ್ಞೆ ಕೊಟ್ಟಿರುತ್ತದೆ. ಸ್ನಾಯುಗಳು ಅದನ್ನು ಜಾರಿಗೆ ತರುವಾಗ ಪಾದ ಕೆಲವು ಅಂಗುಲ ಬಲಕ್ಕೆ ಬೀಳುತ್ತದೆ. ತಾನು ತುಳಿಯುತ್ತಿರುವುದು ಬ್ರೇಕೇ ಎಂದು ಡ್ರೈವರ್ ಪೂರ್ತಿ ನಂಬಿರುವುದರಿಂದ, ಕಾರು ನುಗ್ಗಿದಷ್ಟೂ ಇನ್ನಷ್ಟು ಒತ್ತುತ್ತಾನೆ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕನ ಕಾರು ಹೀಗೇ ನುಗ್ಗಿ ತಾಯಿ ಮತ್ತು ಪುಟ್ಟ ಮಗಳು ಸತ್ತರು. ತಪ್ಪು ಕಾರಿನದೆಂದು ಆತ ನ್ಯಾಯಾಲಯದಲ್ಲೂ ವಾದಿಸಿದ; ಪೆಡಲ್ ತಪ್ಪಿದ್ದೇ ಕಾರಣವೆಂದು 2021ರಲ್ಲಿ ತೀರ್ಪು ಬಂತು. ಆತ ಸುಳ್ಳು ಹೇಳುತ್ತಿದ್ದ ಎಂದು ನನಗನ್ನಿಸುವುದಿಲ್ಲ. ಅವನ ಪಾಲಿಗೆ ತುಳಿದದ್ದು ಬ್ರೇಕೇ ಆಗಿದ್ದಿರಬೇಕು.

ಒಂದೊಂದು ಕಾಲಿಗೆ ಒಂದೊಂದು ಪೆಡಲ್ ಕೊಟ್ಟರೆ ಈ ತಪ್ಪು ತಪ್ಪೀತು ಎಂಬುದು ಎಡಗಾಲಿನ ಪಕ್ಷದ ಅತ್ಯಂತ ಗಟ್ಟಿ ವಾದ. ಆದರೆ ಗಾಬರಿಯಲ್ಲಿ ಮೈ ಸೆಟೆದುಕೊಂಡಾಗ ಎರಡೂ ಕಾಲು ಒಟ್ಟಿಗೆ ಚಾಚುತ್ತವೆ, ಎರಡೂ ಪೆಡಲ್ ಒಟ್ಟಿಗೆ ಕೆಳಗೆ ಹೋಗುತ್ತವೆ. ಎರಡೂ ಬಿದ್ದರೆ ಎಂಜಿನ್ ಶಕ್ತಿಯನ್ನು ತಗ್ಗಿಸುವ ಏರ್ಪಾಡು ಈಚಿನ ಅನೇಕ ಕಾರುಗಳಲ್ಲಿದೆ, ಹಳೆಯವುಗಳಲ್ಲಿ ಇಲ್ಲ. ಎಡಗಾಲಿಗೆಂದು ಪಕ್ಕದಲ್ಲಿ ಕೊಟ್ಟ ಒರಗುಪಟ್ಟಿ ಕೂಡ ಅಲಂಕಾರಕ್ಕಲ್ಲ. ಜೋರಾಗಿ ಬ್ರೇಕ್ ಹಾಕುವಾಗ ಮುಂದೆ ಜಾರುವ ಮೈಯನ್ನು ಎಡಗಾಲು ಅದಕ್ಕೆ ಆನಿಸಿ ಹಿಡಿಯುತ್ತದೆ. ರೇಸಿನವನಿಗೆ ಆ ಕೆಲಸವನ್ನು ಮೈಗೆ ಬಿಗಿದ ಪಟ್ಟಿಗಳು ಮಾಡುತ್ತವೆ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಆಟೋಮ್ಯಾಟಿಕ್ ಬಿಟ್ಟು ಬೇರೆ ಗಾಡಿ ಮುಟ್ಟದವನು, ಮೊದಲ ದಿನದಿಂದಲೇ ಎಡಗಾಲಿನಲ್ಲಿ ಕಲಿತವನು ಹಾಗೇ ಓಡಿಸಿದರೆ ಭೌತಶಾಸ್ತ್ರದ ತಕರಾರಿಲ್ಲ. ಅಂಗಳದಲ್ಲಿ ನಾಲ್ಕು ಥರದ ಗಾಡಿ ಇರುವವನಿಗೆ ಅದು ಬೇಡವೇ ಬೇಡ. ಎಡಗಾಲಿಗೆ ಬ್ರೇಕ್ ಕಲಿಸಿದವನು ಮರುದಿನ ಗೇರಿನ ಕಾರು ಹತ್ತಿ, ಎಮ್ಮೆ ಅಡ್ಡ ಬಂದಾಗ ಎಡಗಾಲಿನ ಪಾಠ ನೆನಪಾಗಿ ಕ್ಲಚ್ ತುಳಿದರೆ, ಎಂಜಿನ್ನಿನ ತಡೆಯೂ ಹೋಗಿ ಕಾರು ಸರಾಗವಾಗಿ ಮುಂದೆ ಸಾಗುತ್ತದೆ. ಹಳೇ ಬುಲೆಟ್ಟಿನವರಿಗೆ ಇದು ಹೊಸ ಕಥೆಯಲ್ಲ. ಅದರಲ್ಲಿ ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್. ಉಳಿದ ಬೈಕುಗಳಲ್ಲಿ ಉಲ್ಟಾ. ಬುಲೆಟ್ ಇಳಿದು ಬೇರೆ ಬೈಕು ಹತ್ತಿದವನು ನಿಲ್ಲಿಸಲು ಹೋಗಿ ಗೇರ್ ಒದೆಯುವುದು ಆಗ ಮಾಮೂಲಿ.

ಟ್ರ್ಯಾಕ್ಟರಿನಲ್ಲಂತೂ ಎಡ ಬ್ರೇಕ್, ಬಲ ಬ್ರೇಕ್ ಎಂದು ಎರಡು ಪೆಡಲುಗಳೇ ಇವೆ, ಎರಡೂ ಬಲಗಾಲಿನ ಪಾಲು. ಒಂದು ಹಿಂದಿನ ಎಡಚಕ್ರಕ್ಕೆ, ಇನ್ನೊಂದು ಹಿಂದಿನ ಬಲಚಕ್ರಕ್ಕೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಬದುವಿನವರೆಗೆ ಬಂದಾಗ ಮುಂದಿನ ಚಕ್ರ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ, ಕೆಸರಿನಲ್ಲಿ ಜಾರುತ್ತದೆ. ಆಗ ಎಡ ಪೆಡಲ್ ಮಾತ್ರ ತುಳಿದರೆ ಎಡಚಕ್ರ ನಿಲ್ಲುತ್ತದೆ, ಎರಡು ಚಕ್ರಗಳಿಗೆ ಓಟ ಹಂಚುವ ಡಿಫರೆನ್ಷಿಯಲ್ ಎಂಜಿನ್ನಿನ ಓಟವನ್ನೆಲ್ಲ ಬಲಚಕ್ರಕ್ಕೆ ಕೊಡುತ್ತದೆ. ಎರಡು ಚಕ್ರಗಳ ಸರಾಸರಿ ವೇಗ ಬದಲಾಗುವುದಿಲ್ಲವಾದ್ದರಿಂದ ಒಂದು ನಿಂತರೆ ಇನ್ನೊಂದು ಇಮ್ಮಡಿ. ಟ್ರ್ಯಾಕ್ಟರ್ ನಿಂತ ಚಕ್ರದ ಸುತ್ತ ಗಿರಕಿ ಹೊಡೆದು ಹೊಸ ಸಾಲಿಗೆ ಬರುತ್ತದೆ. ಇದೇ ಗುಣ ರಸ್ತೆಯ ಮೇಲೆ ಪ್ರಾಣಕ್ಕೆ ಸಂಚಕಾರ. ಎರಡು ಪೆಡಲುಗಳನ್ನು ಜೋಡಿಸುವ ಒಂದು ಸಣ್ಣ ಕೊಂಡಿ ಇರುತ್ತದೆ. ಗದ್ದೆಯಿಂದ ರಸ್ತೆಗೆ ಏರುವಾಗ ಅದನ್ನು ಹಾಕಲು ಮರೆತು, ಟ್ರಾಲಿ ತುಂಬ ನೆಲ್ಲು ಹೇರಿಕೊಂಡು ವೇಗವಾಗಿ ಹೋಗುವಾಗ ಒಂದೇ ಪೆಡಲಿಗೆ ಕಾಲು ಬಿದ್ದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆದು ಮಗುಚುತ್ತದೆ. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಹಿಂದಿನಿಂದ ಅದರ ನೂಕು ಬೇರೆ.

ಮತ್ತೆ ಆಟೋಮ್ಯಾಟಿಕ್ ಕಾರಿಗೆ ಬಂದರೆ, 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಎಂಬ ಅಗ್ಗದ ತಂತ್ರದಿಂದ ಇವು ಸಣ್ಣ ಊರುಗಳಿಗೂ ಹರಡಿದವು. ಅದು ಮಾಮೂಲಿ ಗೇರ್ ಪೆಟ್ಟಿಗೆಯೇ. ಕ್ಲಚ್ಚನ್ನು ಎಡಗಾಲಿನ ಬದಲು ಯಂತ್ರ ಒತ್ತುತ್ತದೆ. ಸೇತುವೆ ಏರಿನ ಟ್ರಾಫಿಕ್ಕಿನಲ್ಲಿ ಕಾರು ಹಿಂದೆ ಜಾರದಿರಲೆಂದು ಆಕ್ಸಿಲರೇಟರಿನಿಂದಲೇ ಹಿಡಿದು ನಿಲ್ಲಿಸುವವರಿದ್ದಾರೆ. ಒಳಗೆ ಪ್ಲೇಟು ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಎಡಗಾಲಿಗೆ ಬ್ರೇಕ್ ಕೊಡುವ ಆಸೆ ಹೆಚ್ಚಾಗಿ ಹುಟ್ಟುವುದೂ ಇಲ್ಲೇ. ಹ್ಯಾಂಡ್ ಬ್ರೇಕ್ ಎಳೆದು ನಿಂತು, ಆಕ್ಸಿಲರೇಟರ್ ಕೊಟ್ಟು ಕಾರು ಮುಂದೆ ಎಳೆಯತೊಡಗಿದಾಗ ಹ್ಯಾಂಡ್ ಬ್ರೇಕ್ ಬಿಟ್ಟರೆ ಕೆಲಸ ಸಲೀಸು.

ಎಡಗಾಲೇ ಎಲ್ಲವನ್ನೂ ಮಾಡಬೇಕಾದವರೂ ಇದ್ದಾರೆ: ಬಲಗಾಲು ಕಳೆದುಕೊಂಡವರು, ಪೋಲಿಯೊದಿಂದ ಅದರ ಶಕ್ತಿ ಕುಂದಿದವರು. ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕಿನ ಎಡಕ್ಕೆ ಇನ್ನೊಂದು ಆಕ್ಸಿಲರೇಟರ್ ಕೂರಿಸಿ, ಒಂದೇ ಎಡಗಾಲು ಎರಡನ್ನೂ ನೋಡಿಕೊಳ್ಳುವಂತೆ ಮಾಡಲಾಗುತ್ತದೆ. ಬಲಗಾಲಿನವರ ಕ್ರಮವೇ ಇಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ: ಒಂದು ಕಾಲು, ಎರಡು ಪೆಡಲ್, ಒಂದನ್ನು ಬಿಡದೆ ಇನ್ನೊಂದಿಲ್ಲ. ಇಂಥ ಕಾರಿನಲ್ಲಿ ಮೂಲ ಆಕ್ಸಿಲರೇಟರಿಗೆ ಒಂದು ಮರೆಹಲಗೆ ಹಾಕಿರಬೇಕು, ಅಥವಾ ಬೇಡದ ಪೆಡಲ್ ಮಡಚಿಡುವಂತಿರಬೇಕು. ಮನೆಯಲ್ಲಿ ಬಲಗಾಲಿನವರೂ ಅದೇ ಕಾರು ಓಡಿಸುವುದಿದ್ದರೆ, ಹೊರಡುವ ಮುಂಚೆ ಬಗ್ಗಿ ಪೆಡಲು ನೋಡಿಕೊಳ್ಳುವುದು ಬೀಗದ ಕೈ ತಿರುಗಿಸುವುದಕ್ಕಿಂತ ಮೊದಲಿನ ಕೆಲಸ.