50 ಜನರ ರಿಸೆಪ್ಷನ್‌ಗೆ ಎಂಥ ಕೇಕ್?

ಮದುವೆ ಫೋಟೊಗಳಲ್ಲಿ ಕಾಣೋ ಮೂರಂತಸ್ತಿನ ಕೇಕ್ ಇದೆಯಲ್ಲ, ಎಷ್ಟೋ ಸಲ ಅದರ ಕೆಳಗಿನ ಅಂತಸ್ತು ಬರೀ ಥರ್ಮೋಕೋಲ್! ಮೇಲೆ ಕ್ರೀಮ್ ಹಚ್ಚಿರ್ತಾರೆ, ಅಷ್ಟೆ. 50 ಜನರ ರಿಸೆಪ್ಷನ್ ಆದ್ರೆ ನೀವೂ ಬೇಕರಿಯವರಿಗೆ ಹಾಗೇ ಹೇಳಿ: ಕೆಳಗೆ ಡಮ್ಮಿ, ಮೇಲೆ ಒಂದು ಕೆಜಿ ನಿಜವಾದ ಕೇಕ್. ವಧು-ವರರು ಅದನ್ನ ಕತ್ತರಿಸಲಿ. ಬಡಿಸೋದಕ್ಕೆ ಅದೇ ರುಚಿಯ, ಅಲಂಕಾರ ಇಲ್ಲದ 4 ಕೆಜಿ ಚೌಕದ ಕೇಕ್ ಅಡುಗೆಮನೆಯಲ್ಲೇ ತುಂಡಾಗಲಿ. ಕೆಜಿಗೆ 10ರಿಂದ 12 ತುಂಡು. ಊಟಕ್ಕೆ ಹೋಳಿಗೆ, ಐಸ್‌ಕ್ರೀಮ್ ಇದ್ರೆ ಇನ್ನೂ ಚಿಕ್ಕದು ಸಾಕು.

ಫಾಂಡೆಂಟ್ (ಕೇಕ್ ಮೇಲೆ ಹೊದಿಸೋ ಸಕ್ಕರೆಯ ಹಾಳೆ) ಮಾತ್ರ ಖಂಡಿತ ಬೇಡ. ಕೈಕೆಲಸ ಜಾಸ್ತಿ, ಬೆಲೆ ಜಾಸ್ತಿ, ತಿನ್ನುವಾಗ ಎಷ್ಟೋ ಜನ ಸುಲಿದು ಪಕ್ಕಕ್ಕಿಡ್ತಾರೆ. ಕ್ರೀಮ್ ಮೇಲೆ ತಾಜಾ ಗುಲಾಬಿ ಇಟ್ರೂ ಎಷ್ಟು ಚೆಂದ! ಔಷಧಿ ಹೊಡೆಯದ ಹೂವೇ ಇರಲಿ.

ಮುಂಗಡ ಕೊಡೋ ಮೊದಲು ಸಾಗಾಟದ ಖರ್ಚು, ಸ್ಟ್ಯಾಂಡ್ ಬಾಡಿಗೆ ಎರಡನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ.