ದಾರಿಯಲ್ಲಿ ನಿಲ್ಲುವ ಹಳೆಯ ಕಾರು

ಒಬ್ಬರು ಬಳಸಿ ಮಾರಿದ ಕಾರನ್ನು ಕೊಂಡವರಿಗೆ ಒದಗುವ ತೊಂದರೆಗಳಲ್ಲೆಲ್ಲ ಹೆಚ್ಚು ಪೀಡಿಸತಕ್ಕದ್ದು, ಓಡುತ್ತಿರುವಾಗಲೇ ಎಂಜಿನು ನಿಂತುಹೋಗುವುದು. ಬೆಳಗ್ಗೆ ಹೊರಡದೆ ಹಟ ಹಿಡಿದ ಗಾಡಿ ಮನೆಯ ಅಂಗಳದಲ್ಲಿಯಾದರೂ ಇರುತ್ತದೆ; ಇದಾದರೋ ಘಾಟಿಯ ತಿರುವಿನಲ್ಲಿ, ಲಾರಿಗಳ ನಡುವೆ, ನಮ್ಮನ್ನು ಕೈಬಿಡುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಮೇಸ್ತ್ರಿಯ ಮುಂದೆ ಪರಮ ಸಾಧುವಾಗಿ ಓಡುತ್ತದೆ. ಆತನು ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋಗುತ್ತಾನೆ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ರೋಗದ ಕುರುಹುಗಳೆಲ್ಲ ಗಾಡಿ ನಿಂತ ಮೊದಲ ಹತ್ತು ನಿಮಿಷಗಳಲ್ಲಿಯೇ ಇರುವುದರಿಂದ, ಅವನ್ನು ಗಮನಿಸಬೇಕಾದವರು ಗಾಡಿ ನಡೆಸುವ ನಾವೇ.

ಆದರೆ ಮೊದಲು ಪ್ರಾಣದ ಮಾತು. ಎಂಜಿನು ನಿಂತೊಡನೆ ಕ್ಲಚ್ಚನ್ನು ಒತ್ತಿ, ಉಳಿದ ವೇಗದಲ್ಲಿಯೇ ಗಾಡಿಯನ್ನು ರಸ್ತೆಯ ಎಡ ಅಂಚಿಗೆ ತರಬೇಕು. ಎಂಜಿನಿನ ನೆರವಿನಿಂದ ಹಗುರವಾಗುವ ಬ್ರೇಕುಳ್ಳ ಗಾಡಿಗಳಲ್ಲಿ ಆ ನೆರವು ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆದ್ದರಿಂದ ಪದೇಪದೇ ತುಳಿಯದೆ, ಒಂದೇ ಸಲ ಬಲವಾಗಿ ಒತ್ತಿ ಹಿಡಿಯತಕ್ಕದ್ದು. ಗಾಬರಿಯಿಂದ ಬೀಗದ ಕೈಯನ್ನು ಕಿತ್ತರೆ ಸ್ಟಿಯರಿಂಗ್ ಚಕ್ರವೇ ಬೀಗ ಬಿದ್ದು ತಿರುಗದೆ ನಿಲ್ಲಬಹುದು.

ಎಂಜಿನಿಗೆ ಬೇಕಾದುವು ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ಹೊತ್ತಿಗೆ ಸರಿಯಾಗಿ ಹಾರುವ ಕಿಡಿ. ಒತ್ತಡವು ಥಟ್ಟನೆ ಮಾಯವಾಗಿ ಅರ್ಧ ಗಂಟೆಯಲ್ಲಿ ತಿರುಗಿ ಬರುವುದು ಅಪರೂಪ. ಉಳಿದವು ಎರಡೇ. ಅವುಗಳಲ್ಲಿ ಯಾವುದು ತಪ್ಪಿತೆಂಬುದನ್ನು ಎಂಜಿನು ನಿಲ್ಲುವ ರೀತಿಯೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ದೀಪವಾರಿಸಿದಂತೆ ಒಮ್ಮೆಗೇ ನಿಂತರೆ ಕಿಡಿಯ ಕಡೆ ನೋಡಬೇಕು. ಮುಗ್ಗರಿಸಿ, ಜಗ್ಗಿ, ಒಂದಿಷ್ಟು ಚೇತರಿಸಿಕೊಂಡು, ಕೊನೆಗೆ ನಿಂತರೆ ಪೆಟ್ರೋಲಿನ ಕಡೆ.

ಪೆಟ್ರೋಲಿನ ವಿಚಾರದಲ್ಲಿ ಅತಿ ಸುಲಭವಾದ ಪರೀಕ್ಷೆಯನ್ನೇ ಜನ ಮರೆಯುತ್ತಾರೆ. ಟ್ಯಾಂಕಿನಲ್ಲಿ ಪೆಟ್ರೋಲು ಇಳಿದಂತೆ ಆ ಜಾಗಕ್ಕೆ ಗಾಳಿ ಸೇರಬೇಕಷ್ಟೆ. ಗಾಳಿಯ ದಾರಿ ಧೂಳಿನಿಂದ ಮುಚ್ಚಿದ್ದರೆ ಒಳಗೆ ನಿರ್ವಾತ ಹುಟ್ಟಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ಗಾಡಿ ನಿಂತೊಡನೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಿ. ಜೋರಾಗಿ ಗಾಳಿ ಒಳಗೆಳೆದ ಸದ್ದಾಗಿ, ಅನಂತರ ಎಂಜಿನು ಹೊರಟರೆ, ರೋಗ ಮುಚ್ಚಳದಲ್ಲಿಯೇ ಸಿಕ್ಕಿತು. ಊರೊಳಗೆ ಚೆನ್ನಾಗಿ ಓಡಿ, ಏರಿನಲ್ಲಿಯೂ ವೇಗದಲ್ಲಿಯೂ ಮಾತ್ರ ಸೊರಗುವ ಗಾಡಿಯಲ್ಲಿ ಪೆಟ್ರೋಲು ಸೋಸುವ ಫಿಲ್ಟರು ಕಟ್ಟಿರುವುದುಂಟು. ಅದರ ಬೆಲೆ ಅಲ್ಪ. ಕಾರ್ಬ್ಯುರೇಟರನ್ನು ಬಿಚ್ಚುವುದು ಕೊನೆಯ ಕೆಲಸವಾಗಬೇಕೆಂದು ನಮ್ಮ ಅಭಿಪ್ರಾಯ; ಅದೇ ಮೊದಲನೆಯದಾಗುವುದು ರೂಢಿ.

ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಗಾಡಿಗಳಲ್ಲಿ ಪೆಟ್ರೋಲು ಪಂಪು ಎಂಜಿನಿಗೇ ಅಂಟಿಕೊಂಡಿರುತ್ತದೆ. ಪೆಟ್ರೋಲಿನ ಹಗುರವಾದ ಅಂಶಗಳು ೪೦ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುವುದರಿಂದ, ಬೇಸಗೆಯ ಏರುದಾರಿಯಲ್ಲಿ ಕೊಳವೆಯೊಳಗೆ ಆವಿ ತುಂಬಿ ಪಂಪು ಬರಿದೇ ಆಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಗಾಡಿ ಹೊರಟರೆ ಕಾರಣ ಇದೇ. ಭಾರತದಲ್ಲಿ ಪೆಟ್ರೋಲಿಗೆ ಶೇಕಡ ೨೦ರಷ್ಟು ಎಥನಾಲ್ ಬೆರೆಸುವ ಗುರಿ ೨೦೨೫ರಲ್ಲಿ ಕೈಗೂಡಿತು. ಹಳೆಯ ಗಾಡಿಗಳ ರಬ್ಬರು ಕೊಳವೆಗಳು ಈ ಮಿಶ್ರಣಕ್ಕಾಗಿ ಮಾಡಿದವಲ್ಲ. ಎಥನಾಲ್ ತೇವವನ್ನು ಹೀರುತ್ತದೆ, ಟ್ಯಾಂಕಿನಲ್ಲಿ ಕಟ್ಟಿಕೊಂಡ ಕಸವನ್ನು ಸಡಿಲಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಇಂಥ ಗಾಡಿಯುಳ್ಳವರು ಕೊಳವೆಗಳಲ್ಲಿ ಬಿರುಕನ್ನೂ ಜಿನುಗನ್ನೂ ಆಗಾಗ ನೋಡತಕ್ಕದ್ದು. ಬಿಸಿ ಎಂಜಿನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲು ಗಾಡಿಯನ್ನು ನಿಲ್ಲಿಸುವುದಷ್ಟೇ ಅಲ್ಲ, ಸುಡಲೂಬಹುದು.

ಕಿಡಿಯ ರೋಗ ಇನ್ನೂ ಕಪಟಿ. ಇಗ್ನಿಷನ್ ಕಾಯಿಲಿನೊಳಗಿನ ತಂತಿ ಬಿಸಿಯಲ್ಲಿ ಹಿಗ್ಗಿ ತುಂಡಾದಂತೆ ವರ್ತಿಸುತ್ತದೆ. ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರಿನ ಕಂಡೆನ್ಸರಿನದೂ ಇದೇ ಚಾಳಿ. ಗಾಡಿ ಇನ್ನೂ ಬಿಸಿಯಾಗಿ ನಿಂತಿರುವಾಗಲೇ, ತಿಳಿದವರೊಬ್ಬರು ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಆವಿಯಿಂದ ದೂರದಲ್ಲಿ ಅದನ್ನು ಎಂಜಿನಿನ ಲೋಹಕ್ಕೆ ತಾಗಿಸಿಟ್ಟು ಕಿಡಿ ಹಾರುವುದೇ ಎಂದು ನೋಡಿದರೆ ಸಂಶಯ ಬಗೆಹರಿಯುತ್ತದೆ. ಬರಿಗೈಯಿಂದ ಮಾತ್ರ ಮುಟ್ಟಬಾರದು. ಇದಕ್ಕೂ ಮುನ್ನ ಬ್ಯಾಟರಿಯ ತುದಿಗಳನ್ನು ಅಲುಗಿಸಿ ನೋಡುವುದು ಒಳ್ಳೆಯದು. ಸಡಿಲವಾದ ಒಂದು ತಂತಿಯಿಂದ ಇಡೀ ಗಾಡಿ ಸತ್ತಂತಾಗುತ್ತದೆ.

ಕಾರ್ಬ್ಯುರೇಟರಿಲ್ಲದೆ ಪೆಟ್ರೋಲನ್ನು ಚಿಮ್ಮಿಸುವ ಈಚಿನ ಗಾಡಿಗಳಲ್ಲಿ ಕಿಡಿಯ ಈ ಪರೀಕ್ಷೆ ಬೇಡ, ಸೂಕ್ಷ್ಮವಾದ ಉಪಕರಣಗಳು ಕೆಟ್ಟಾವು. ಅವುಗಳಲ್ಲಿ ಕ್ರ್ಯಾಂಕಿನ ತಿರುಗುವಿಕೆಯನ್ನು ಅರಿಯುವ ಸಂವೇದಕವು ಬಿಸಿಗೆ ಸೋಲುವುದುಂಟು. ಗೇರಿನಲ್ಲಿರುವ ಗಾಡಿ ಇನ್ನೂ ಉರುಳುತ್ತಿರುವಾಗಲೇ ಎಂಜಿನಿನ ಸುತ್ತುಗಳನ್ನು ತೋರಿಸುವ ಮುಳ್ಳು ಸೊನ್ನೆಗೆ ಬಿದ್ದರೆ ಅದರ ಮೇಲೆ ಬಲವಾದ ಅನುಮಾನ. ಬೀಗದ ಕೈ ತಿರುಗಿಸಿದಾಗ ಟ್ಯಾಂಕಿನ ಕಡೆಯಿಂದ ಕ್ಷಣಕಾಲ ಗುಂಯ್ಗುಡುವ ಸದ್ದು ಕೇಳದಿದ್ದರೆ ಪಂಪನ್ನೂ ಅದರ ರಿಲೇಯನ್ನೂ ನೋಡಿಸಬೇಕು. ಕಾಲು ತೆಗೆದೊಡನೆ, ಚೌಕಗಳಲ್ಲಿ ಮಾತ್ರ, ನಿಲ್ಲುವ ಗಾಡಿಯ ಕಥೆ ಬೇರೆ: ನಿಧಾನಗತಿಯ ಗಾಳಿಯ ದಾರಿಯಲ್ಲಿ ಮಸಿ ಕಟ್ಟಿರುತ್ತದೆ, ಇಲ್ಲವೆ ಯಾವುದೋ ರಬ್ಬರು ಕೊಳವೆ ಬಿರಿದಿರುತ್ತದೆ.

ಇನ್ನೂ ಕೊಳ್ಳದವರಿಗೆ ಒಂದು ಮಾತು. ಮಾರುವವರು ಎಂಜಿನನ್ನು ಮೊದಲೇ ಬಿಸಿಮಾಡಿ ಇಟ್ಟಿದ್ದಾರೆಯೇ ಎಂದು ಮುಚ್ಚಳದ ಮೇಲೆ ಕೈಯಿಟ್ಟು ನೋಡಿ. ತಣ್ಣಗಿರುವಾಗ ಹೊರಡಿಸಿ, ನಡುಹಗಲಿನಲ್ಲಿ ಮುಕ್ಕಾಲು ಗಂಟೆಯಾದರೂ ಓಡಿಸಿ, ನಿಂತಲ್ಲಿಯೇ ಹತ್ತು ನಿಮಿಷ ಓಡಲು ಬಿಟ್ಟು, ಆರಿಸಿ, ಕಾಲು ಗಂಟೆಯ ಮೇಲೆ ಮತ್ತೆ ಹೊರಡಿಸಿ. ಬೀದಿಯ ಕೊನೆಯವರೆಗೆ ಹೋಗಿ ಬಂದರೆ ಸಾಕೆನ್ನುವವರ ಗಾಡಿಗೆ ಮುಂಗಡ ಕೊಡುವ ಅವಸರ ಬೇಡ.